ಹರಾಜಿಗೆ ಬಾರದ ಮೊಟ್ಟೆಗಳು

ಗೌರಿಬಿದನೂರು ಸೀಮೆಯಲ್ಲಿ ಕೆರೆ ತುಂಬಿದ ವರ್ಷ ಮೀನಿನ ಹರಾಜಿಗೆ ಜನ ಸೇರುತ್ತಾರೆ. ನಗರಗೆರೆ ಹೋಬಳಿಯಾಗಲಿ, ಆಚೆಯ ಮಂಚೇನಹಳ್ಳಿ ಕಡೆಯಾಗಲಿ, ಗುತ್ತಿಗೆ ಹಿಡಿಯುವವನ ಲೆಕ್ಕವೆಲ್ಲ ಹೆಚ್ಚುಕಡಿಮೆ ಮೂರು ಮೀನಿನ ಮೇಲೆ: ಕಾಟ್ಲಾ, ರೋಹು, ಮೃಗಾಲ್. ಬಲೆ ಎಳೆದ ದಿನ ಏರಿಯ ಮೇಲೆ ತಕ್ಕಡಿಗೆ ಬೀಳುವುದೂ ಇವೇ. ಆದರೆ ಇವುಗಳಲ್ಲಿ ಒಂದೂ ಆ ಕೆರೆಯಲ್ಲಿ ಹುಟ್ಟಿದ್ದಲ್ಲ. ಎಷ್ಟೇ ದಪ್ಪಗಾಗಲಿ, ಹೊಟ್ಟೆ ತುಂಬ ಮೊಟ್ಟೆ ಕಟ್ಟಲಿ, ಕೆರೆಯ ನಿಂತ ನೀರಿನಲ್ಲಿ ಇವು ಮೊಟ್ಟೆ ಇಡುವುದಿಲ್ಲ. ಇವು ಗಂಗೆ, ಬ್ರಹ್ಮಪುತ್ರದಂಥ ದೊಡ್ಡ ಹೊಳೆಗಳ ಮೀನುಗಳು. ಮುಂಗಾರಿನ ನೆರೆ ದಂಡೆ ಮೀರಿ ಬಯಲಿಗೆ ಹರಡಬೇಕು, ಆ ತೆಳುನೀರಿನಲ್ಲಿ ಸೆಳೆತವಿರಬೇಕು, ನೀರು ತಂಪಾಗಬೇಕು. ಇಷ್ಟೂ ಕೂಡಿ ಬಾರದಿದ್ದರೆ ಕಟ್ಟಿದ ಮೊಟ್ಟೆ ಹೊಟ್ಟೆಯೊಳಗೇ ಕರಗಿಹೋಗುತ್ತದೆ.

ಹಾಗಾದರೆ ಮರಿ ಎಲ್ಲಿಂದ ಬರುತ್ತದೆ? ಒಂದು ಕಾಲಕ್ಕೆ ಉತ್ತರದ ಹೊಳೆಗಳಿಂದಲೇ ಬರಬೇಕಿತ್ತು. ನೆರೆಯ ದಿನಗಳಲ್ಲಿ ಸಣ್ಣ ಕಣ್ಣಿನ ಬಲೆ ಒಡ್ಡಿ, ತೇಲಿಬಂದ ಮರಿ ಹಿಡಿದು, ಕಲ್ಕತ್ತಾದಿಂದ ರೈಲಿನಲ್ಲಿ ದೇಶಕ್ಕೆಲ್ಲ ಕಳಿಸುತ್ತಿದ್ದರು. ಆ ರಾಶಿಯಲ್ಲಿ ಯಾವುದು ರೋಹು, ಯಾವುದು ರೋಹುವನ್ನೇ ನುಂಗುವ ಮೀನು ಎಂದು ಬೇರ್ಪಡಿಸುವುದೇ ಕಷ್ಟವಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜತೆಗಾರರು ಈ ಕಷ್ಟಕ್ಕೆ ದಾರಿ ಕಂಡರು. ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತೆಗೆದು, ಅರೆದು, ಅದರ ತಿಳಿಯನ್ನು ಇನ್ನೊಂದು ಮೀನಿಗೆ ಚುಚ್ಚಿ, ಕಟ್ಟಿಹಾಕಿದ ನೀರಿನಲ್ಲೇ ಮೊಟ್ಟೆ ಇಡಿಸಿದರು. ಮಳೆ, ನೆರೆ, ಸೆಳೆತ ಸೇರಿ ಹೇಳಬೇಕಾದ ಮಾತನ್ನು ಒಂದು ಸೂಜಿ ಹೇಳಿತು. ಈಗ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ.

ಗ್ರಂಥಿಯ ಜಾಗಕ್ಕೆ ಇವತ್ತು ಕೃತಕ ಹಾರ್ಮೋನಿನ ಸೀಸೆ ಬಂದಿದೆ. ಸಂಜೆ ಚುಚ್ಚಿದರೆ ಬೆಳಗಿನ ಜಾವಕ್ಕೆ ಮೊಟ್ಟೆ. ಒಂದು ಕಿಲೋ ತೂಗುವ ರೋಹು ಎರಡು, ಮೂರು ಲಕ್ಷ ಮೊಟ್ಟೆ ಕೊಡುತ್ತದೆ. ನೀರಿಗೆ ಬಿದ್ದ ಮೊಟ್ಟೆ ನೀರು ಹೀರಿ ಉಬ್ಬಿಕೊಂಡು, ಹದಿನೆಂಟು ಗಂಟೆಯ ಒಳಗೆಲ್ಲ ಮರಿಯಾಗುತ್ತದೆ. ಭದ್ರಾ ಅಣೆಕಟ್ಟಿನ ಬಿ.ಆರ್. ಪ್ರಾಜೆಕ್ಟ್‌ನಂಥ ಕಡೆ ಹೀಗೆ ಹುಟ್ಟಿದ ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಯಲುಸೀಮೆಯ ಕೆರೆಗಳಿಗೆ ಪ್ರಯಾಣ ಮಾಡುತ್ತವೆ. ಮೀನುಗಾರಿಕೆ ಇಲಾಖೆ ಇದನ್ನು 'ಬಿತ್ತನೆ' ಎನ್ನುವುದು ಸರಿಯಾಗಿಯೇ ಇದೆ. ಹೊಲದ ಮೆಕ್ಕೆಜೋಳಕ್ಕೆ ಪ್ರತಿ ವರ್ಷ ಅಂಗಡಿಯ ಬೀಜ ಬೇಕಾದಂತೆ ಈ ಬೆಳೆಗೂ ಬೇಕು.

ಕೆರೆ, ಕುಂಟೆಗಳನ್ನೇ ನಂಬಿ ಅಲ್ಲೇ ಮೊಟ್ಟೆ ಇಡುವ ಪ್ರಾಣಿಗಳು ಬೇರೆ. ಹರಾಜಿನ ಕಾಗದದಲ್ಲಿ ಅವಕ್ಕೆ ಹೆಸರಿಲ್ಲ. ಗಡಿಯಾಚೆ ತೆಲುಗಿನವರು ಪರಿಗೆ ಎನ್ನುವ ಸಣ್ಣ ಪಕ್ಕೆ ಮೀನು, ಕೆಸರಿನ ಕೊರಮೀನು, ಎಲ್ಲಿಂದಲೋ ಬಂದು ಮನೆ ಮಾಡಿಕೊಂಡ ಜಿಲೇಬಿ ಎಂಬ ತಿಲಾಪಿಯಾ ಮೀನು, ಮತ್ತೆ ರಾತ್ರಿಯೆಲ್ಲ ಕೂಗುವ ಕಪ್ಪೆಗಳು.

ಇವುಗಳ ಮೊಟ್ಟೆಗೆ ಚಿಪ್ಪಿಲ್ಲ. ಹಾವು, ಆಮೆ, ಹಕ್ಕಿಗಳ ಮೊಟ್ಟೆಯೊಳಗೆ ಮರಿಗೆ ಬೇಕಾದ ನೀರು ಚೀಲದಲ್ಲಿ ಕಟ್ಟಿರುತ್ತದೆ, ಹೊರಗೆ ತೊಗಲಿನ ಅಥವಾ ಸುಣ್ಣದ ಹೊದಿಕೆ ಇರುತ್ತದೆ. ಒಣನೆಲದಲ್ಲಿ ಬಿಟ್ಟರೂ ನಡೆಯುತ್ತದೆ. ಅದಕ್ಕೇ ಕೆರೆಯಲ್ಲೇ ಬದುಕುವ ಆಮೆ ಮೊಟ್ಟೆ ಇಡಲು ದಡ ಹತ್ತುತ್ತದೆ, ಹೊಲದಲ್ಲಿ ಬದುಕುವ ಕಪ್ಪೆ ಮೊಟ್ಟೆ ಇಡಲು ನೀರಿಗೆ ಇಳಿಯುತ್ತದೆ. ಮೀನು ಮತ್ತು ಕಪ್ಪೆಯ ಮೊಟ್ಟೆಗೆ ಇರುವುದು ತೆಳ್ಳನೆಯ ಪೊರೆ, ಅದರ ಸುತ್ತ ಲೋಳೆ. ಗಾಳಿ ಅದರ ಮೂಲಕವೇ ಒಳಬರಬೇಕು. ನೀರಿನಲ್ಲಿ ಬೇರೇನು ಕರಗಿದ್ದರೂ ಅದೂ ಅದೇ ದಾರಿಯಲ್ಲಿ ಬರುತ್ತದೆ. ಕೆರೆಯ ನೀರು ಹೇಗಿದೆ ಎನ್ನುವುದು ದೊಡ್ಡ ಮೀನಿಗಿಂತ ಮೊದಲು ಮೊಟ್ಟೆಗೆ ಗೊತ್ತಾಗುತ್ತದೆ.

ನಾಲ್ಕಾರು ವರ್ಷ ಬತ್ತಿ, ಅಂಗಳದಲ್ಲಿ ಜಾಲಿ ಬೆಳೆದು, ದನ ಮೇಯ್ದ ಕೆರೆಗೆ ನೀರು ಬಂದ ಕೆಲವೇ ದಿನಗಳಲ್ಲಿ ಮೀನು ಕಾಣಿಸಿಕೊಂಡರೆ ಜನ ಬೆರಗಾಗುತ್ತಾರೆ. ಮಳೆಯ ಜತೆಗೇ ಆಕಾಶದಿಂದ ಉದುರಿದವು ಎನ್ನುವ ಹಿರಿಯರು ಈಗಲೂ ಇದ್ದಾರೆ. ಆಕಾಶವನ್ನು ಎಳೆದು ತರಬೇಕಾಗಿಲ್ಲ. ನಮ್ಮ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಕ್ಕೆ, ಕೊನೆಗೆ ನಂದಿಯ ಕಡೆಯಿಂದ ಇಳಿದುಬರುವ ಉತ್ತರ ಪಿನಾಕಿನಿಗೆ. ಕೋಡಿ ಹರಿದಾಗ ಸಣ್ಣ ಮೀನುಗಳು ನೀರಿಗೆ ಎದುರಾಗಿ, ಕಲ್ಲಿನ ಮೆಟ್ಟಿಲಿನಿಂದ ಮೆಟ್ಟಿಲಿಗೆ ಎಗರಿ ಮೇಲಕ್ಕೆ ಹತ್ತುತ್ತವೆ. ಹೀಗೆ ಹತ್ತುವ ಮೀನು ಬಹುಪಾಲು ಮೊಟ್ಟೆಗೆ ಬಂದದ್ದು. ಹೊಸನೀರು ಆಗತಾನೇ ಮುಳುಗಿಸಿದ ಹುಲ್ಲಿನ ಅಂಚು ಅದಕ್ಕೆ ಬೇಕು, ಅಲ್ಲಿ ಮೊಟ್ಟೆ ಅಂಟಿಸುತ್ತದೆ.

ಹಕ್ಕಿಗಳ ಪಾಲೂ ಇರಬಹುದೆಂಬ ಅನುಮಾನ ಬಹಳ ಹಳೆಯದು. 2020ರಲ್ಲಿ ಹಂಗೆರಿಯ ಸಂಶೋಧಕರು ಅದನ್ನು ಪರೀಕ್ಷೆ ಮಾಡಿಯೇ ನೋಡಿದರು. ಎಂಟು ಬಾತುಗಳಿಗೆ ಎರಡು ಜಾತಿಯ ಗೆಂಡೆ ಮೀನಿನ ಒಟ್ಟು 8,000 ಮೊಟ್ಟೆ ತಿನ್ನಿಸಿದರು. ಹಿಕ್ಕೆಯಲ್ಲಿ ಒಡೆಯದೆ ಹೊರಬಂದವು 18. ಅವುಗಳಲ್ಲಿ ಮೂರು ಮರಿಯಾದವು. ಮೂರು ಎಂದರೆ ನಗೆ ಬರುತ್ತದೆ, ಆದರೆ ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಇಳಿಯುವ ಬಾತುಗಳ ಹಿಂಡನ್ನು ನೆನೆದರೆ ಅಷ್ಟು ನಗೆ ಬರುವುದಿಲ್ಲ.

2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮಳೆ ಹಿಡಿದು ಸುರಿದಾಗ, ಒಂದು ತಲೆಮಾರು ಕಂಡೇ ಇರದ ಕೋಡಿಗಳು ಹರಿದವು. ಊರವರು ಬಾಗಿನ ಬಿಟ್ಟರು, ಫೋಟೊ ತೆಗೆದರು, ಸೊಳ್ಳೆಪರದೆ, ಹಳೇ ಸೀರೆ ಹಿಡಿದು ಕೋಡಿಗೆ ಇಳಿದರು. ಸಿಕ್ಕ ಮೀನಿಗೆ ಲೆಕ್ಕವಿಲ್ಲ. ಮೊಟ್ಟೆ ತುಂಬಿದ ಮೀನಿನ ಸಾರಿನ ರುಚಿ ಗೊತ್ತಿದ್ದವರನ್ನು ಬೈಯುವುದು ನನ್ನಿಂದಾಗದು. ಆದರೂ ಕರಾವಳಿಯಲ್ಲಿ ಜೂನ್, ಜುಲೈ ಸೇರಿ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಬಾರದೆಂಬ ನಿಯಮವಿದೆ, ಮೀನಿಗೆ ಮೊಟ್ಟೆ ಇಡಲು ಪುರಸೊತ್ತು ಕೊಡುವುದೂ ಅದರ ಒಂದು ಉದ್ದೇಶ. ನಮ್ಮ ಕೋಡಿಯಲ್ಲಿ ಮೀನು ಹಿಡಿಯುವ ದಿನ ಮತ್ತು ಮೀನು ಮೊಟ್ಟೆಗೆ ಹೊರಟ ದಿನ ಎರಡೂ ಒಂದೇ.

ಕೊರಮೀನಿನ ಕತೆ ಇದಕ್ಕಿಂತ ಗಟ್ಟಿ. ಅದು ನೀರಿನ ಮೇಲೆ ಬಂದು ಗಾಳಿ ಗುಟುಕರಿಸಬಲ್ಲದು, ಕೆರೆ ಬತ್ತಿದಾಗ ಹಸಿ ಕೆಸರಿನೊಳಗೆ ಹೂತುಕೊಂಡು ತಿಂಗಳುಗಟ್ಟಲೆ ಕಾಯಬಲ್ಲದು. ಮೊಟ್ಟೆಯ ಹೊತ್ತಿಗೆ ಗಂಡು ಹೆಣ್ಣು ಸೇರಿ ಜೊಂಡಿನ ನಡುವೆ ಒಂದಿಷ್ಟು ಜಾಗವನ್ನು ಚೊಕ್ಕ ಮಾಡುತ್ತವೆ. ಹಳದಿ ಬಣ್ಣದ ಮೊಟ್ಟೆಯೊಳಗೆ ಎಣ್ಣೆಯ ಹನಿಯಿರುವುದರಿಂದ ಅವು ಆ ಜಾಗದಲ್ಲಿ ತೇಲುತ್ತವೆ. ತಾಯಿ ತಂದೆ ಕಾವಲು. ಮರಿಗಳು ಕೆಂಪಗೆ, ಒತ್ತಾಗಿ, ಗುಂಪು ಬಿಡದೆ ನೀರಿನ ಮೇಲ್ಮೈಯಲ್ಲಿ ಸಾಗುವಾಗ ದೊಡ್ಡ ಮೀನು ಕೆಳಗೇ ಇರುತ್ತದೆ ಎಂಬುದು ಗಾಳ ಹಾಕುವ ಹುಡುಗರಿಗೆಲ್ಲ ಗೊತ್ತು. ಮರಿಯ ಗುಂಪಿನ ಮೇಲೆ ಗಾಳ ಬಿಟ್ಟರೆ ಸಿಟ್ಟಿಗೆದ್ದ ತಾಯಿಯೋ ತಂದೆಯೋ ಬಂದು ಕಚ್ಚುತ್ತದೆ. ಇದೇ ಮೀನಿನ ಮರಿಯ ಬಾಯಿಗೆ ಔಷಧವಿಟ್ಟು, ಮೃಗಶಿರ ಕಾರ್ತೆಯ ದಿನ ಉಬ್ಬಸದವರಿಗೆ ಜೀವಂತ ನುಂಗಿಸುವ ಪದ್ಧತಿ ಹೈದರಾಬಾದಿನಲ್ಲಿದೆ. ನಮ್ಮ ಕಡೆಯಿಂದಲೂ ಹೋಗಿಬರುವವರುಂಟು. ಔಷಧದ ಮಾತು ಬಿಡಿ, ದಿನವನ್ನು ಗಮನಿಸಿ: ಮುಂಗಾರಿನ ಬಾಗಿಲು, ಕೊರಮೀನು ಮೊಟ್ಟೆಗೆ ತೊಡಗುವ ಕಾಲ.

ಜಿಲೇಬಿ ಮೀನು ಇನ್ನೊಂದು ಉಪಾಯ ಕಂಡುಕೊಂಡಿದೆ. ಮೂಲ ಆಫ್ರಿಕಾ, ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ, ಸಿಲೋನಿನಿಂದ. ಗಂಡು ಕೆರೆಯಂಚಿನ ಕೆಸರಿನಲ್ಲಿ ದುಂಡನೆಯ ಗುಳಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಕೂಡಲೇ ಬಾಯಿಗೆ ತುಂಬಿಕೊಂಡು ಹೊರಟುಬಿಡುತ್ತದೆ. ಮರಿಯಾಗುವವರೆಗೂ ಬಾಯಲ್ಲೇ ವಾಸ, ಮರಿಯಾದ ಮೇಲೂ ಹೆದರಿಕೆಯಾದರೆ ಬಾಯೊಳಕ್ಕೇ ಓಟ. ಲಕ್ಷ ಮೊಟ್ಟೆ ಇಡುವ ರೋಹು ಸೋತ ಕೆರೆಯಲ್ಲಿ ಕೆಲವು ನೂರು ಮೊಟ್ಟೆಯ ಜಿಲೇಬಿ ಗೆದ್ದದ್ದು ಹೀಗೆ. ಬೇಸಿಗೆಯಲ್ಲಿ ನೀರಿಳಿದಾಗ ಅಂಗಳದಲ್ಲಿ ಸಾಲಾಗಿ ಕಾಣುವ ಆ ಗುಳಿಗಳನ್ನು ದನದ ಹೆಜ್ಜೆ ಎಂದುಕೊಳ್ಳುವವರೇ ಹೆಚ್ಚು.

ಇನ್ನು ಕಪ್ಪೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರಲ್ಲೂ ದೊಡ್ಡ ಪಾಲು ಆಗಸ್ಟ್‌ನಿಂದಾಚೆಗೆ. ಬೇಸಿಗೆಯಲ್ಲಿ ಬಂಡೆ ಕಾಯುವ ಸೀಮೆ. ಇಲ್ಲಿ ಒದ್ದೆ ಚರ್ಮದ ಪ್ರಾಣಿ ಬದುಕುವುದೇ ಒಂದು ಸಾಹಸ. ನೆಲದೊಳಗೆ ಹುದುಗುವ ಕಪ್ಪೆಗಳಿಗೆ ಹಿಂಗಾಲಿನ ಅಡಿಯಲ್ಲಿ ಗುದ್ದಲಿಯಂಥ ಗಟ್ಟಿ ಗಂಟಿದೆ. ಅದರಿಂದ ಮಣ್ಣು ಕೆದಕುತ್ತ, ಹಿಮ್ಮುಖವಾಗಿ ಇಳಿಯುತ್ತ, ಬೇಸಿಗೆಯನ್ನು ಮಣ್ಣಿನಲ್ಲೇ ಕಳೆಯುತ್ತವೆ. ಈ ಪಂಗಡದ ಒಂದು ಜಾತಿಯನ್ನು ವಿಜ್ಞಾನಿಗಳು ಹೊಸದೆಂದು ಗುರುತಿಸಿದ್ದು 2020ರಲ್ಲಿ, ಅದೂ ಬೆಂಗಳೂರಿನ ಹೊರವಲಯದಲ್ಲಿ. ಸ್ಫೇರೋಥೀಕಾ ಬೆಂಗಳೂರು ಎಂದು ಊರಿನ ಹೆಸರನ್ನೇ ಇಟ್ಟರು. ಪಶ್ಚಿಮಘಟ್ಟದ ಕಪ್ಪೆಗಳಿಗೆ ಸಿಕ್ಕ ಗಮನ ಬಯಲುಸೀಮೆಯವಕ್ಕೆ ಸಿಕ್ಕಿಲ್ಲ. ಗಂಡು ಕಪ್ಪೆ ತನ್ನ ಮೊಟ್ಟೆಗೆ ಕೈಯಾರೆ ಮಣ್ಣು ಮೆತ್ತುವ ಮಲೆನಾಡಿನ ಕುಂಬಾರ ಕಪ್ಪೆಯನ್ನು 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಲೋಕಕ್ಕೆ ತೋರಿಸಿದಾಗ ಪತ್ರಿಕೆಗಳು ಸಂಭ್ರಮಿಸಿದವು. ಅದು ಸಂಭ್ರಮಿಸಬೇಕಾದದ್ದೇ. ನಗರಗೆರೆಯ ಹೊಲದಡಿ ಮಲಗಿದ ಕಪ್ಪೆಗೂ ಒಂದು ಅಂಕಣ ಕೊಟ್ಟಿದ್ದರೆ ಪತ್ರಿಕೆಗೇನೂ ಕಡಿಮೆಯಾಗುತ್ತಿರಲಿಲ್ಲ.

ಮಣ್ಣಿನೊಳಗಿನ ಕಪ್ಪೆಗೆ ಮೇಲೆ ಮಳೆ ಬಂದದ್ದು ಗೊತ್ತಾಗುವುದು ಹೇಗೆ? ಅಮೆರಿಕದ ಮರುಭೂಮಿಯ ಇಂಥದೇ ಕಪ್ಪೆಗಳ ಮೇಲೆ ನಡೆದ ಪ್ರಯೋಗದಲ್ಲಿ ಉತ್ತರ ಸಿಕ್ಕಿತು: ಮಣ್ಣು ಒದ್ದೆಯಾಗುವ ಮೊದಲೇ, ಹನಿ ನೆಲಕ್ಕೆ ಬೀಳುವ ಕಂಪನಕ್ಕೇ ಅವು ಎದ್ದು ಬರುತ್ತವೆ. ಗೌರಿಬಿದನೂರಿನವರಿಗೆ ಇದು ತೀರ ಅಪರಿಚಿತ ವಿದ್ಯೆಯಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲಿ ಇಲ್ಲಿ ಕಂಪನ ಅಳೆಯುವ ಉಪಕರಣಗಳ ಸಾಲನ್ನೇ ನೆಲದಲ್ಲಿ ಹೂತು, ದೂರದೇಶದ ಅಣುಸ್ಫೋಟಗಳಿಗೆ ಕಿವಿಗೊಟ್ಟು ಕೂತಿದ್ದಾರೆ. ಈ ಬಂಡೆನೆಲ ಅಷ್ಟು ಸ್ತಬ್ಧ, ಅದಕ್ಕೇ ಇಲ್ಲಿ ಸದ್ದು ಸ್ಪಷ್ಟ.

ಎದ್ದ ಕಪ್ಪೆ ಹೋಗುವುದು ಕೆರೆಗಲ್ಲ, ಕುಂಟೆಗೆ. ಇದು ಮುಖ್ಯ. ಕೆರೆಯಲ್ಲಿ ಮೀನಿದೆ, ಮೀನಿಗೆ ಕಪ್ಪೆಯ ಮೊಟ್ಟೆಯೂ ಗೊದಮೊಟ್ಟೆಯೂ ಊಟ. ನೆನ್ನೆಯವರೆಗೆ ಒಣಗಿದ್ದ ಕುಂಟೆ, ಗೋಕಟ್ಟೆ, ಕಲ್ಲುಕ್ವಾರಿಯ ಗುಳಿ, ರಸ್ತೆ ಬದಿಯ ಹಳ್ಳ, ಇಲ್ಲೆಲ್ಲ ಮೀನಿರುವುದಿಲ್ಲ. ಆದ್ದರಿಂದ ಬತ್ತಿಹೋಗುವ ನೀರೇ ಅವಕ್ಕೆ ಬೇಕು. ದೊಡ್ಡ ಗೋಂಕರುಕಪ್ಪೆಯ ಗಂಡು ಆ ಒಂದೆರಡು ರಾತ್ರಿಗಾಗಿ ಮೈಯೆಲ್ಲ ನಿಂಬೆಹಳದಿ ಮಾಡಿಕೊಂಡು, ಗಂಟಲ ಬದಿಯ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಒಂದು ಕಾಲಕ್ಕೆ ಇದರ ಕಾಲುಗಳು ಟನ್‌ಗಟ್ಟಲೆ ಯುರೋಪು, ಅಮೆರಿಕಕ್ಕೆ ರಫ್ತಾಗುತ್ತಿದ್ದವು. 1987ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನೆಲಗಪ್ಪೆ ಉದ್ದನೆಯ ಲೋಳೆಯ ದಾರದಲ್ಲಿ ಕರಿಮಣಿ ಪೋಣಿಸಿದ ಹಾಗೆ ಮೊಟ್ಟೆಯಿಟ್ಟು ಹುಲ್ಲಿಗೆ ಸುತ್ತಿ ಹೋಗುತ್ತದೆ. ಮರಗಪ್ಪೆಯದು ಬೇರೆ ಜಾಣತನ: ನೀರಿನ ಮೇಲೆ ಬಾಗಿದ ಕೊಂಬೆಗೋ, ಸಿಮೆಂಟು ತೊಟ್ಟಿಯ ಗೋಡೆಗೋ ನೊರೆ ಕಡೆದು ಮೆತ್ತಿ ಅದರೊಳಗೆ ಮೊಟ್ಟೆಯಿಡುತ್ತದೆ. ಹೊರಗಿನ ನೊರೆ ಒಣಗಿ ಗಟ್ಟಿಯಾದರೂ ಒಳಗು ಹಸಿಯಾಗಿರುತ್ತದೆ. ಕೆಲ ದಿನದಲ್ಲಿ ಗೊದಮೊಟ್ಟೆಗಳು ತೊಟ್ಟಿಕ್ಕಿ ನೀರಿಗೆ ಬೀಳುತ್ತವೆ.

ಮುಂದಿನದೆಲ್ಲ ಓಟ. ಸಣ್ಣ ಜಾತಿಗಳಿಗೆ ಒಂದು ತಿಂಗಳ ಆಸುಪಾಸು ನೀರು ನಿಂತರೆ ಸಾಕು. ನೀರು ಇಳಿಯುತ್ತಿದೆ ಎಂದು ಗೊತ್ತಾದರೆ ಹಲವು ಗೊದಮೊಟ್ಟೆಗಳು ಬೇಗಬೇಗ ಕಾಲು ಮೂಡಿಸಿಕೊಂಡು, ಗಾತ್ರ ಚಿಕ್ಕದಾದರೂ ಸರಿ ಎಂದು ದಡ ಹತ್ತುತ್ತವೆ. ಭರಣಿ ಮಳೆ ಬಂದು, ರೋಹಿಣಿ ಕೈಕೊಟ್ಟರೆ ಆ ವರ್ಷದ ಮೊದಲ ಪೀಳಿಗೆ ಕುಂಟೆಯ ಬುಡದಲ್ಲಿ ಕರಿ ಪೊರೆಯಾಗಿ ಒಣಗುತ್ತದೆ.

ಮಳೆ ಕೈಕೊಟ್ಟಾಗ ಮನುಷ್ಯನಿಗೂ ನೆನಪಾಗುವುದು ಕಪ್ಪೆಯೇ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಬರ ಬಂದರೆ ಮಳೆರಾಯನನ್ನು ಹೊತ್ತು ತಿರುಗುವುದು, ಕತ್ತೆಗೆ ಮದುವೆ, ಕಪ್ಪೆಗೆ ಮದುವೆ ಎಲ್ಲ ಉಂಟು. ಉಡುಪಿಯವರು 2019ರ ಜೂನ್‌ನಲ್ಲಿ ವರುಣ, ವರ್ಷ ಎಂದು ಹೆಸರಿಟ್ಟು ಒಂದು ಜೋಡಿಗೆ ಮದುವೆ ಮಾಡಿದರು. ಅದೇ ವರ್ಷ ಭೋಪಾಲಿನಲ್ಲಿ ಮಳೆ ವಿಪರೀತವಾಗಿ, ಮದುವೆಯಾಗಿದ್ದ ಕಪ್ಪೆಗಳಿಗೆ ವಿಚ್ಛೇದನ ಕೊಡಿಸಿದರು. ಪವಾಡಗಳನ್ನು ಪರೀಕ್ಷೆಗೆ ಒಡ್ಡಲು 1976ರಲ್ಲಿ ಸಮಿತಿ ಕಟ್ಟಿದ ಎಚ್. ನರಸಿಂಹಯ್ಯನವರು ಗೌರಿಬಿದನೂರಿನ ಹೊಸೂರಿನವರು. ಅವರ ತಾಲ್ಲೂಕಿನಲ್ಲಿ ಕುಳಿತು ಕಪ್ಪೆ ಮದುವೆಯನ್ನು ಸಮರ್ಥಿಸುವ ಧೈರ್ಯ ನನಗಿಲ್ಲ. ಕಪ್ಪೆ ಕೂಗಿದ್ದರಿಂದ ಮಳೆ ಬರುವುದಿಲ್ಲ. ಆದರೆ ಮಳೆಯನ್ನೂ ಕಪ್ಪೆಯ ಸಂತಾನವನ್ನೂ ಜೋಡಿಸಿ ನೋಡಿದವರು ಕಣ್ಣುಬಿಟ್ಟು ನೋಡಿದ್ದರು ಎಂಬುದು ನಿಜ. ಕಾರಣವನ್ನಷ್ಟೇ ತಿರುವುಮುರುವು ಮಾಡಿಕೊಂಡರು.

ಈಗ ಮಳೆಗೆ ಕಾಯದೆಯೂ ಕೆರೆ ತುಂಬುತ್ತದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರ ಜಿಲ್ಲೆಗೆ ಹರಿಯಿತು. ಅದರ ಪಟ್ಟಿಯಲ್ಲಿ ಚಿಂತಾಮಣಿಯ ಕೆರೆಗಳೂ ಇವೆ. ಆಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿ, ಅಂದರೆ ಹೆಬ್ಬಾಳ, ನಾಗವಾರದ ನೀರು. ದಿನಕ್ಕೆ 21 ಕೋಟಿ ಲೀಟರ್, 65 ಕೆರೆ ಎಂಬುದು ಯೋಜನೆ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಮಾಡಿ ಕಳಿಸುತ್ತಾರೆ, ಮೂರನೇ ಹಂತವೂ ಬೇಕು ಎಂಬ ಹೋರಾಟ ಅಂದಿನಿಂದ ನಿಂತಿಲ್ಲ. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಸಾವಿರ ಅಡಿ ಕೊರೆದರೂ ನೀರು ಕಾಣದ ಬೋರ್‌ವೆಲ್‌ಗಳ ನಾಡಿನಲ್ಲಿ ತುಂಬಿದ ಕೆರೆಯನ್ನು ಬೇಡ ಎನ್ನುವುದು ಸುಲಭವಲ್ಲ, ನಾನೂ ಅನ್ನುವುದಿಲ್ಲ. ಅಂತರ್ಜಲದ ಲೆಕ್ಕ ಬೇರೆ, ಮೊಟ್ಟೆಯ ಲೆಕ್ಕ ಬೇರೆ ಎಂದಷ್ಟೇ ಹೇಳುತ್ತೇನೆ. ಇಂಥ ನೀರಿನಲ್ಲಿ ಉಳಿಯುವ ಸಾರಜನಕ, ರಂಜಕಗಳಿಂದ ಪಾಚಿ ಸೊಕ್ಕುತ್ತದೆ. ಹಗಲು ಪಾಚಿ ಬಿಸಿಲುಂಡು ನೀರಿನ ಕ್ಷಾರಗುಣ ಏರಿಸುತ್ತದೆ. ಕ್ಷಾರ ಮತ್ತು ಬಿಸಿ ಏರಿದಷ್ಟೂ ನೀರಿನ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಉಸಿರಾಡಿ ಮುಗಿಸುತ್ತದೆ. ಬೆಳಗಿನ ಜಾವ ಮೀನು ಸತ್ತು ತೇಲುವುದು ಈ ಕಾರಣಕ್ಕೆ. ದೊಡ್ಡ ಮೀನು ಮೇಲೆ ಬಂದು ಬಾಯಿ ತೆರೆದಾದರೂ ಒದ್ದಾಡಬಹುದು, ಬುಡದ ಹುಲ್ಲಿಗೆ ಅಂಟಿದ ಮೊಟ್ಟೆಗೆ ಆ ಅವಕಾಶವಿಲ್ಲ. ಇನ್ನೊಂದು ಬದಲಾವಣೆ ನಿಧಾನದ್ದು: ವರ್ಷವಿಡೀ ನೀರು ನಿಂತರೆ ವರ್ಷವಿಡೀ ಮೀನು. ಜಿಲೇಬಿ ಸುಖವಾಗಿರುತ್ತದೆ, ಸಾಕುವುದನ್ನು ನಿಷೇಧಿಸಿದ್ದರೂ ಕಳ್ಳಹೊಂಡಗಳಿಂದ ತಪ್ಪಿಸಿಕೊಂಡು ಬರುವ ಆಫ್ರಿಕನ್ ಕ್ಯಾಟ್‌ಫಿಷ್ ಅದಕ್ಕಿಂತ ಸುಖವಾಗಿರುತ್ತದೆ. ಕೆರೆಯಂಚಿನ ತೆಳುನೀರು ಒಂದು ಋತುವಾದರೂ ಮೀನಿಲ್ಲದೆ ಇರುತ್ತಿತ್ತು, ಅದು ಹೋಯಿತು.

ಕುಂಟೆಗೂ ಮೀನು ಬಂದಿದೆ, ಆರೋಗ್ಯದ ಹೆಸರಿನಲ್ಲಿ. ಸೊಳ್ಳೆಮರಿ ತಿನ್ನಲೆಂದು ಬಿಡುವ ಗಪ್ಪಿ, ಗ್ಯಾಂಬೂಸಿಯಾ ಎರಡೂ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಮೀನುಗಳು. ಮೊಟ್ಟೆಯ ರಗಳೆಯೇ ಇಲ್ಲದ್ದರಿಂದ ಯಾವ ಗುಂಡಿಯಲ್ಲಾದರೂ ಹೆಚ್ಚುತ್ತವೆ. ಹಳ್ಳಿಯ ಬಾವಿಗಳಲ್ಲಿ ಇವು ಮಲೇರಿಯಾ ತಗ್ಗಿಸಲು ನೆರವಾಗಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಬಾವಿಗೆ ಬಿಡುವುದು ಸರಿ. ಎರಡು ತಿಂಗಳಿಗೆ ಬತ್ತುವ ಮಳೆನೀರಿನ ಕುಂಟೆಗೆ ಗ್ಯಾಂಬೂಸಿಯಾ ಬಿಟ್ಟರೆ ಅದು ಸೊಳ್ಳೆಮರಿಯ ಜತೆಗೆ ಕಪ್ಪೆಯ ಮೊಟ್ಟೆಯನ್ನೂ ಎಳೆಯ ಗೊದಮೊಟ್ಟೆಯನ್ನೂ ಮುಗಿಸುತ್ತದೆ.

2014ರಿಂದಾಚೆಗೆ ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿಹೊಂಡಗಳು ಈ ಜಿಲ್ಲೆಯ ದ್ರಾಕ್ಷಿ, ಟೊಮ್ಯಾಟೊ, ಹಿಪ್ಪುನೇರಳೆ ತೋಟಗಳ ನಡುವೆ ಎಲ್ಲೆಲ್ಲೂ ಇವೆ. ನೆಲಗಪ್ಪೆಗೆ ಅದೂ ನೀರೇ. ಇಳಿದು ಮೊಟ್ಟೆಯಿಡುತ್ತದೆ. ಕಾಲು ಮೂಡಿದ ಉಗುರಿನಷ್ಟು ಮರಿಗೆ ಪ್ಲಾಸ್ಟಿಕ್ ಹಾಳೆಯ ಕಡಿದಾದ ಗೋಡೆ ಜಾರುತ್ತದೆ. ಒಂದು ಮೂಲೆಯಲ್ಲಿ ಗೋಣಿತಾಟನ್ನೋ ಹಳೇ ಹಗ್ಗವನ್ನೋ ಇಳಿಬಿಟ್ಟಿದ್ದರೆ ಹತ್ತಿಕೊಂಡು ಬರುತ್ತದೆ. ಬಿದ್ದ ನಾಯಿಮರಿಗೂ ಅದೇ ಉಪಯೋಗಕ್ಕೆ ಬಂದೀತು.

ಹೂಳೆತ್ತುವ ವಿಷಯ ಇಷ್ಟು ಸಣ್ಣದಲ್ಲ. ಬೇಸಿಗೆಯಲ್ಲಿ ಜೆಸಿಬಿ ಇಳಿಯುತ್ತದೆ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಕೆರೆಗೋಡು ಮಣ್ಣು ಬಿದ್ದ ಹೊಲಕ್ಕೆ ಎರಡು ವರ್ಷ ಗೊಬ್ಬರ ಬೇಡ ಎನ್ನುವ ರೈತನ ಮಾತಿನಲ್ಲಿ ಹುರುಳಿದೆ. ಆದರೆ ಗುತ್ತಿಗೆದಾರನಿಗೆ ದುಡ್ಡು ಎತ್ತಿದ ಮಣ್ಣಿನ ಘನ ಅಳತೆಯ ಮೇಲೆ. ಅಗೆಯಲು ಸುಲಭವಾದ ಕಡೆ ಆಳವಾಗಿ, ಗೋಡೆ ನಿಲ್ಲಿಸಿದ ಹಾಗೆ ಅಗೆಯುತ್ತಾನೆ. ಹಳೆಯ ಕೆರೆಯ ಅಂಗಳ ಊಟದ ತಟ್ಟೆಯಷ್ಟು ಚಪ್ಪಟೆಯಾಗಿ ಮೇಲ್ಗಡೆಯ ಹೊಲಗಳವರೆಗೆ ಹರಡಿರುತ್ತಿತ್ತು. ಮೊಣಕಾಲುದ್ದದ ಆ ನೀರಿನಲ್ಲೇ ಪಕ್ಕೆ ಮೀನು ಹುಲ್ಲಿಗೆ ಮೊಟ್ಟೆ ಅಂಟಿಸುವುದು, ಕೊರಮೀನು ಜೊಂಡು ಸರಿಸುವುದು, ಜಿಲೇಬಿ ಗುಳಿ ತೋಡುವುದು. ಮೊಣಕಾಲುದ್ದದ ನೀರಿಲ್ಲದ ಕೆರೆಯಲ್ಲಿ ಎಷ್ಟು ಕೋಟಿ ಲೀಟರ್ ನಿಂತರೂ ಅದು ತೊಟ್ಟಿ.

ಕಾಲುವೆ ಬಂದು ಸೇರುವ ಕಡೆಯ ಎರಡು, ಮೂರು ಎಕರೆಯನ್ನು ಅಗೆಯದೆ ಬಿಡಿ, ಉಳಿದದ್ದನ್ನು ಇಳಿಜಾರಾಗಿ ಅಗೆಯಿರಿ, ಕೆಲಸವನ್ನು ಭರಣಿ ಮಳೆಗೆ ಮೊದಲು ಮುಗಿಸಿ: ಅಂದಾಜುಪಟ್ಟಿಯಲ್ಲಿ ಇಷ್ಟು ಬರೆದುಕೊಳ್ಳಲು ಹೊಸ ಯೋಜನೆ ಬೇಕಿಲ್ಲ. ಪಂಚಾಯಿತಿ ಸಭೆಯಲ್ಲಿ ಹೂಳೆತ್ತುವ ವಿಷಯ ಬಂದಾಗ ಏರಿ, ತೂಬು, ಕೋಡಿಗಳ ಬಗ್ಗೆ ಜಗಳವಾಡುವವರು ಇದ್ದೇ ಇರುತ್ತಾರೆ. ಈ ಎರಡು, ಮೂರು ಎಕರೆಗೂ ಒಬ್ಬರು ಜಗಳವಾಡಲಿ.